ತೊಟ್ಟಿನ ಮೇಲಿನ ಇದ್ದಿಲು

ಎಷ್ಟು ತಿಕ್ಕಿದರೂ ತೋರುಬೆರಳಿನ ಉಗುರಿನ ಸಂದಿಯ ಇದ್ದಿಲು ಹೋಗಲಿಲ್ಲ. ವಿಹಾರದ ಹಿತ್ತಲಿನ ನಲ್ಲಿಗೆ ಕೈಯೊಡ್ಡಿ ನಿಂತಿದ್ದ ವಿನಿತ್‌ಗೆ ತನ್ನ ಬಿಳಿ ಅಂಗಿಯ ತೋಳು ಮೊಣಕೈವರೆಗೆ ನೆನೆದದ್ದೂ ಗೊತ್ತಾಗಲಿಲ್ಲ. ಒಳಗೆ ಮಂಟಪದಲ್ಲಿ ತಿಯಾನ ಶವದ ಪೆಟ್ಟಿಗೆಯ ಸುತ್ತ ಹೂ ಜೋಡಿಸುತ್ತಿದ್ದರು. ಅಪ್ಪನನ್ನು ಮನೆಯವರೆಲ್ಲ ತಿಯಾ ಎಂದೇ ಕರೆಯುತ್ತಿದ್ದರು. ಚಾಂತಬುರಿಯ ಮಿಕ್ಕವರಿಗೆ ಅವನು ಸವೇಂಗ್ ಸಾಹುಕಾರ, ಡುರಿಯನ್ ಹಣ್ಣಿನ ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವ ಮುದುಕ, ಒಂದು ಕೈಯಲ್ಲಿ ಹಣ್ಣು, ಇನ್ನೊಂದು ಕೈಯಲ್ಲಿ ಬಲಿತಿದೆಯೇ ಎಂದು ತಟ್ಟಿ ನೋಡುವ ಕೋಲು. ಇನ್ನು ಸ್ವಲ್ಪ ಹೊತ್ತಿಗೆ ವಿನಿತ್ ಆ ಮಂಟಪದೆದುರು ನಿಂತು ತಿಯಾನ ಜೀವನವನ್ನು ಓದಬೇಕು. ಬೆಂಕಿ ಕೊಡುವ ಮೊದಲು ಸತ್ತವರ ಬದುಕನ್ನು ಬಂದವರಿಗೆಲ್ಲ ಓದಿ ಹೇಳುವುದು ಇಲ್ಲಿಯ ಪದ್ಧತಿ, ಓದುವುದು ಹಿರಿಯ ಮಗನ ಪಾಲಿಗೆ. ಬರೆದ ಹಾಳೆ ಜೇಬಿನಲ್ಲಿತ್ತು. ಅದರ ನಡುವಿನ ಒಂದು ಸಾಲನ್ನು ಬರೆಯುವಾಗ ಅವನಿಗೆ ತನ್ನ ಬಗ್ಗೆಯೇ ಮೆಚ್ಚುಗೆ ಹುಟ್ಟಿತ್ತು. 'ನನ್ನ ತಂದೆ ತಮ್ಮ ಜೀವಮಾನದಲ್ಲಿ ಒಂದೇ ಒಂದು ಎಳಸು ಹಣ್ಣನ್ನು ತೋಟದ ಗೇಟು ದಾಟಿಸಿದವರಲ್ಲ.' ಬರೆದು, ಎದ್ದು ನಿಂತು, ಜೋರಾಗಿ ಒಮ್ಮೆ ಓದಿಕೊಂಡೂ ಇದ್ದ. ಆಗ ತಂಗಿ ಓರಾಪಿನ್ ಅಡಿಗೆಮನೆಯಿಂದಲೇ, ಚೆನ್ನಾಗಿದೆ ಎಂದಿದ್ದಳು.

ಹಣ್ಣು ತುಂಬಿದ ಗಾಡಿ ಬಂದದ್ದು ಈಗ ತಾನೇ. ಚಿತೆಗೆ ಹೂವಿಟ್ಟು ಇಳಿದು ಬರುವವರ ಕೈಗೆ ಮನೆಯವರು ಏನಾದರೂ ಕೊಟ್ಟು ಕಳಿಸಬೇಕು. ಕೆಲವರು ಕರವಸ್ತ್ರ ಕೊಡುತ್ತಾರೆ, ಕೆಲವರು ಪುಟ್ಟ ಮುಲಾಮಿನ ಡಬ್ಬಿ. ಸವೇಂಗ್ ಸಾಹುಕಾರನ ಮನೆಯವರು ಮುಲಾಮು ಕೊಟ್ಟರೆ ಜನ ಏನಂದಾರು, ಒಬ್ಬೊಬ್ಬರಿಗೂ ಒಂದೊಂದು ಇಡೀ ಹಣ್ಣು ಎಂದು ಅಪ್ಪಣೆ ಮಾಡಿದವನು ವಿನಿತ್. ಹಣ್ಣು ಕೈಗೆ ಸಿಗುವಾಗ ಗಟ್ಟಿಯಾಗಿಯೇ ಇರುತ್ತದೆ, ಮನೆಯಲ್ಲಿಟ್ಟರೆ ಕೆಲವು ದಿನಕ್ಕೆ ಮೆದುವಾಗಿ ಘಮಘಮಿಸುತ್ತದೆ. ಮರದ ಮೇಲೆ ಬಲಿತಿದ್ದರೆ ಮಾತ್ರ. ಎಳಸಾಗಿ ಕೊಯ್ದದ್ದು ಏನು ಮಾಡಿದರೂ ಹಣ್ಣಾಗದು, ಮೂಲೆಯಲ್ಲಿ ಸುಕ್ಕುಗಟ್ಟುತ್ತದೆ. ಗಾಡಿಯಿಂದ ಇಳಿಸುವಾಗ ಒಂದು ಹಣ್ಣು ಆಳಿನ ಕೈಜಾರಿ ಮೆಟ್ಟಿಲಿನ ಅಂಚಿಗೆ ಬಿದ್ದು ಬಾಯಿಬಿಟ್ಟಿತು. ಒಳಗೆ ತೊಳೆ ಬೆಳ್ಳಗಿತ್ತು. ಬೀಜವೂ ಬೆಳ್ಳಗಿತ್ತು. ಓರಾಪಿನ್ ಯಾರಿಗೂ ಕಾಣದ ಹಾಗೆ ಅದರ ಮೇಲೆ ಗೋಣಿ ಎಳೆದು, ಹಿಯಾ ಎಂದು ತಾನು ಕರೆಯುವ ಅಣ್ಣನ ತೋಳು ಹಿಡಿದು ಇಲ್ಲಿಗೆ ಕರೆತಂದಿದ್ದಳು.

“ಹಿಯಾ, ಒಂದು ತಾನೇ. ಇಷ್ಟೊಂದರಲ್ಲಿ ಒಂದು ಎಳಸಿದ್ರೆ ಏನಾಯ್ತೀಗ.”

“ಒಂದೇ ಅಲ್ಲ ಅನ್ಸತ್ತೆ.”

“ಅನ್ಸತ್ತೆ ಅಂದ್ರೆ? ತಟ್ಟಿದ್ದು ನೀನೇ ಅಲ್ವಾ?”

ಅವನು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ್ದ. “ನಾನು ಆವತ್ತೇ ಬಡ್ಕೊಂಡೆ,” ಎಂದಳು, ದನಿ ತಗ್ಗಿಸಿ. “ಈ ಸಲ ಹೂವೇ ತಡ ಆಯ್ತು, ನಮ್ಮದಿನ್ನೂ ಬಲಿತಿರಲ್ಲ, ಪಕ್ಕದ ಪಾ ಸಮ್ಲಿ ತೋಟದ್ದು ತರೋಣ ಅಂತ. ನಿನಗೆ ಜಂಬ. ತಿಯಾ ಹೆಸರಲ್ಲಿ ಬೇರೆಯವರ ಹಣ್ಣು ಕೊಡೋದಾ ಅಂತ ಕೂಗಾಡಿದೆ. ಹೋಗ್ಲಿ ಬಿಡು. ಈಗ ಬಾಯಿ ಬಿಡಬೇಡ. ಮನೆಗೆ ಹೋದ್ಮೇಲೆ ಗೊತ್ತಾಗೋದು ಅವರಿಗೆ. ಆಮೇಲೆ ನೋಡ್ಕೊಳ್ಳೋಣ.” ಸಿಹಿ ಉಂಡೆಗಳ ತಟ್ಟೆ ನೆನಪಾಗಿ ಅವಳು ಒಳಗೆ ಓಡಿದಳು.

ಆಮೇಲೆ ನೋಡಿಕೊಳ್ಳುವುದಕ್ಕೆ ಏನಿದೆ. ಬಂದಿರುವವರೆಲ್ಲ ತೋಟದವರು, ವ್ಯಾಪಾರದವರು, ತಿಯಾನ ಜೊತೆ ಒಂದೇ ಹೊಳೆಯ ನೀರು ಹಂಚಿಕೊಂಡವರು. ಅಷ್ಟೂ ಮನೆಗಳಲ್ಲಿ ಒಂದೊಂದು ಹಣ್ಣು ಮೂಲೆಯಲ್ಲಿ ಕೂತಿರುತ್ತದೆ, ಮಾಗದು, ಎಲ್ಲರೂ ದಿನಾ ಮೂಗು ಹತ್ತಿರ ತಂದು ಮೂಸಿ, ಕೊನೆಗೆ ಕತ್ತಿ ಹಾಕುತ್ತಾರೆ. ಅದರ ತೊಟ್ಟಿನ ಮೇಲೆ ತಿಯಾನ ಗುರುತಿರುತ್ತದೆ, ಒಂದು ಗೆರೆ, ಕೆಳಗೊಂದು ಚುಕ್ಕೆ. ಓದು ಬರಹ ಬಾರದ ತಿಯಾ ದೋಣಿಯಲ್ಲಿ ಹಣ್ಣು ಸಾಗಿಸುತ್ತಿದ್ದ ಕಾಲದಲ್ಲಿ ಒಲೆಯ ಇದ್ದಿಲಿನಿಂದ ಹಾಕಲು ಶುರುಮಾಡಿದ ಗುರುತು ಅದು. ಎಳಸು ಬಂದರೆ ತಂದುಕೊಡಿ, ಎರಡು ಕೊಡ್ತೀನಿ ಎನ್ನುತ್ತಿದ್ದ. ಆ ಮಾತಿನಿಂದಲೇ ಬೆಟ್ಟದ ಬುಡದ ಕಲ್ಲುನೆಲ ತೋಟವಾಯಿತು, ತೋಟದ ಮುಂದೆ ರಸ್ತೆಗೆ ಮುಖಮಾಡಿ ತಗಡಿನ ಮಾಡು ಬಂತು, ಮಾಡಿನ ಕೆಳಗೆ ಪೆಟ್ಟಿಗೆ ತುಂಬುವ ಹೆಂಗಸರು, ಪೆಟ್ಟಿಗೆಯ ಮೇಲೆ 'ಸವೇಂಗ್ ಮತ್ತು ಮಕ್ಕಳು'. ಮೊನ್ನೆ ಒಂದೊಂದು ತೊಟ್ಟಿನ ಮೇಲೂ ಆ ಗುರುತನ್ನು ವಿನಿತ್ ತನ್ನ ಕೈಯಾರೆ ಹಾಕಿದ್ದ. ಅಚ್ಚಿನ ಚೀಟಿ ಬೇಡ, ಇದ್ದಿಲೇ ಬೇಕು ಎಂದು ಹಟ ಹಿಡಿದು ಒಲೆ ಕೆದಕಿದ್ದ. ಆಗ ಅವನ ಕಣ್ಣಲ್ಲಿ ನೀರು ಬಂದಿತ್ತು. ಆ ಕಣ್ಣೀರು ನೆನಪಾಗಿ ಈಗ ನಾಚಿಕೆಯಾಯಿತು, ಹಣ್ಣಿಗಿಂತ ಹೆಚ್ಚಾಗಿ.

ಕೇಳಿಸ್ತಾ? ತಿಯಾ ಕೇಳುತ್ತಿದ್ದುದು ಅಷ್ಟೇ, ಒಂದೇ ಪದ. ಬೆಳಗಿನ ಹೊತ್ತು, ಎಲೆಗಳಿಂದ ಮಂಜು ತೊಟ್ಟಿಕ್ಕುವಾಗ, ಅವನು ಏಣಿಯ ಮೇಲೆ ನಿಂತು ಕೋಲಿನ ತುದಿಯಿಂದ ಹಣ್ಣಿನ ಬೆನ್ನಿಗೆ ಮೆಲ್ಲಗೆ ತಟ್ಟುವನು. ಬಲಿತ ಹಣ್ಣಿನೊಳಗೆ ತೊಳೆ ಸಿಪ್ಪೆಯಿಂದ ಬಿಟ್ಟುಕೊಂಡು ಟೊಳ್ಳು ಸದ್ದು ಬರುತ್ತದೆ, ಎಳಸು ಹಣ್ಣು ಗೋಡೆಗೆ ಗುದ್ದಿದ ಹಾಗೆ ಮುಚ್ಚಿಕೊಂಡಿರುತ್ತದೆ. ಇದನ್ನು ವಿನಿತ್ ಬಾಯಲ್ಲಿ ಎಷ್ಟು ಬೇಕಾದರೂ ಹೇಳಬಲ್ಲ. ಬ್ಯಾಂಕಾಕಿನಿಂದ ಬಂದ ವ್ಯಾಪಾರಿಗಳಿಗೆ ಕೈಯಾಡಿಸಿ ವಿವರಿಸಿದ್ದಾನೆ, ಅವರು ತಲೆದೂಗಿದ್ದಾರೆ. ಆದರೆ ಅವನ ಕಿವಿಗೆ ಆಗಲೂ ಈಗಲೂ ಎಲ್ಲ ಹಣ್ಣೂ ಒಂದೇ ಸದ್ದು ಮಾಡುತ್ತವೆ, ಕೋಲು ಮುಳ್ಳಿಗೆ ತಾಗಿದ ಸದ್ದು. ಮೊದಲ ಸಲ ತಿಯಾ ಕೇಳಿದಾಗ ಅವನು ಸಣ್ಣವನು, ಏಣಿಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದ. ತಿಯಾನ ಮುಖದಲ್ಲಿ ಏನೋ ಆಸೆ ಕಂಡಿತ್ತು. ಕೇಳಿಸ್ತು ಅಂದುಬಿಟ್ಟ. ಒಮ್ಮೆ ಅಂದ ಮೇಲೆ ಮಾರನೆಯ ದಿನ ಇಲ್ಲ ಅನ್ನುವುದು ಹೇಗೆ. ಹೀಗೆ ಅಂದು ಅಂದು ಅವನಿಗೆ ಮೀಸೆ ಬಂತು, ಮದುವೆಯಾಯಿತು, ತಲೆ ನರೆಯಿತು. ತಿಯಾ ಹಾಸಿಗೆ ಹಿಡಿದ ಮೇಲೆ ಕೊಯ್ಲಿನ ಮೇಸ್ತ್ರಿಯ ಮುಖ ನೋಡಿ, ಅವನು ಹೂಂ ಅನ್ನುವ ಮೊದಲು ತಾನೇ ಹೂಂ ಅನ್ನುವ ಉಪಾಯ ಕಲಿತಿದ್ದ. ಮೊನ್ನೆ ಮಾತ್ರ ಮೇಸ್ತ್ರಿಯನ್ನು ಬೇಡವೆಂದಿದ್ದ. ಇದು ನನ್ನ ಅಪ್ಪನ ಕೊನೆಯ ಕೆಲಸ, ತಟ್ಟುವುದು ನಾನೇ. ಮತ್ತು ಮೊನ್ನೆ, ದೇವರಾಣೆಗೂ, ಅವನಿಗೆ ಕೇಳಿಸಿತ್ತು. ಹಣ್ಣಿಂದ ಹಣ್ಣಿಗೆ ವ್ಯತ್ಯಾಸ ಕೇಳಿಸಿತ್ತು. ದುಃಖ ತನ್ನ ಕಿವಿ ತೆರೆಸಿತು ಎಂದು ನಂಬಿ, ಮರದ ಬುಡದಲ್ಲಿ ಕೂತು ಬಿಕ್ಕಿದ್ದ.

“ಭಿಕ್ಷುಗಳು ಬಂದ್ರು,” ಎಂದು ಯಾರೋ ಕರೆದರು. ಅವನು ಒದ್ದೆ ತೋಳನ್ನು ಮಡಿಸಿಕೊಂಡು ಒಳಗೆ ಹೋದ.

ಕುರ್ಚಿಗಳ ಸಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಪಾ ಸಮ್ಲಿ ಕೂತಿದ್ದಳು, ಕರಿ ರೇಷ್ಮೆಯ ಅಂಗಿ, ಮಡಿಲಲ್ಲಿ ಬೀಸಣಿಗೆ. ಬೇಲಿಯಾಚೆಯ ತೋಟದವಳು, ಊರಿಗೆಲ್ಲ ಪಾ, ದೊಡ್ಡಮ್ಮ. ಗಂಡ ಸತ್ತ ಮೇಲೆ ಒಬ್ಬಳೇ ತೋಟ ನಡೆಸಿದವಳು. ತಿಯಾನ ಜೊತೆ ನೀರಿನ ಕಾಲುವೆಗಾಗಿ ವರ್ಷಗಟ್ಟಲೆ ಜಗಳವಾಡಿ, ಜಗಳದ ನಡುವೆಯೂ ಅವನಿಗೆ ಮೀನಿನ ಸಾರು ಕಳಿಸುತ್ತಿದ್ದವಳು. ಅವಳು ತನ್ನನ್ನೇ ನೋಡುತ್ತಿದ್ದಾಳೆ ಎನ್ನಿಸಿತು ವಿನಿತ್‌ಗೆ. ಆ ಕಡೆ ನೋಡದೆ ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದ. ಎಲ್ಲರೂ ಎದ್ದು ನಿಂತರು. ಓದತೊಡಗಿದ: ಸವೇಂಗ್, ಕೂಲಿಯ ಮಗ, ಬೆಟ್ಟದ ಬುಡದಲ್ಲಿ ಹನ್ನೆರಡು ಕಸಿ ಸಸಿ ನೆಟ್ಟವರು, ದೊಡ್ಡ ಪ್ರವಾಹದಲ್ಲಿ ಬೇರು ಕೊಳೆತು ಅಷ್ಟೂ ಹೋದಾಗ ಮತ್ತೆ ನೆಟ್ಟವರು. ಓದುತ್ತಿರುವ ದನಿ ಇನ್ಯಾರದೋ ಅನ್ನಿಸುತ್ತಿತ್ತು. ಸಾಲಿನಿಂದ ಸಾಲಿಗೆ ಆ ನಡುವಿನ ಸಾಲು ಹತ್ತಿರ ಬರುತ್ತಿತ್ತು. ಅದನ್ನು ಬಿಟ್ಟು ಮುಂದಿನದಕ್ಕೆ ಹಾರಿಬಿಡಬಹುದು, ಯಾರಿಗೆ ಗೊತ್ತಾಗುತ್ತದೆ. ಹಾರಿದರೆ ತಿಯಾನ ಬದುಕಿನಲ್ಲಿ ಉಳಿಯುವುದೇನು. ಅವನ ಕಣ್ಣ ಮುಂದೆ ಇದ್ದಕ್ಕಿದ್ದಂತೆ ಹಳೆಯದೊಂದು ದಿನ, ತಗಡಿನ ಮಾಡು, ಮಾಡಿನ ಕೆಳಗೆ ಸೀಳಿದ ಹಣ್ಣು ಕೈಯಲ್ಲಿ ಹಿಡಿದು ನಿಂತ ಒಬ್ಬ ಹೆಂಗಸು, ಯಾರೋ ಪೇಟೆಯವಳು, ಕೂಸಿನ ಹುಟ್ಟುಹಬ್ಬಕ್ಕೆಂದು ಒಯ್ದಿದ್ದಳಂತೆ. ತೊಟ್ಟಿನ ಮೇಲೆ ಗೆರೆ, ಚುಕ್ಕೆ. ಆ ವಾರ ಆ ಸಾಲಿನ ಮರಗಳ ಹಣ್ಣು ತಟ್ಟಿದವನು ವಿನಿತ್, ಆಗಿನ್ನೂ ಮೀಸೆ ಚಿಗುರುತ್ತಿದ್ದವನು. ತಿಯಾ ಏನೂ ಕೇಳಲಿಲ್ಲ. ಅವಳ ಕೈಯಿಂದ ಹಣ್ಣು ತೆಗೆದುಕೊಂಡು, ಆ ಬಿಳಿ ತೊಳೆಯನ್ನು ಕಿತ್ತು, ರಬ್ಬರಿನಂಥ ಅದನ್ನು ಎಲ್ಲರೆದುರು ನಿಂತು ಜಗಿದು ನುಂಗಿದ. ಬಾಯಿ ಒರೆಸಿಕೊಂಡು, ತಪ್ಪು ನನ್ನ ಕಿವೀದಮ್ಮ, ವಯಸ್ಸಾಯ್ತು ಅಂದ. ಆಗ ಅವನಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ವಿನಿತ್ ಪೆಟ್ಟಿಗೆಗಳ ಹಿಂದೆ ದಾರ ಸುತ್ತುತ್ತ ಕೂತಿದ್ದ, ತಲೆಯೆತ್ತಲಿಲ್ಲ.

“...ಒಂದೇ ಒಂದು ಎಳಸು ಹಣ್ಣನ್ನು ತೋಟದ ಗೇಟು ದಾಟಿಸಿದವರಲ್ಲ,” ಎಂದು ಮೈಕಿನಲ್ಲಿ ಅವನದೇ ದನಿ ಹೇಳಿತು. ಓದಿಯಾಗಿತ್ತು. ಪಾ ಸಮ್ಲಿಯ ಬೀಸಣಿಗೆ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು. ಉಳಿದದ್ದನ್ನು ಅವನು ಬೇಗಬೇಗ ಓದಿ ಮುಗಿಸಿದ.

ಹಿರಿಯರು ಭಿಕ್ಷುಗಳಿಗೆ ಕಾವಿ ಬಟ್ಟೆ ಒಪ್ಪಿಸಿದರು. ಆಮೇಲೆ ಜನ ಒಬ್ಬೊಬ್ಬರಾಗಿ ಗಂಧದ ಚಕ್ಕೆಯ ಹೂವು ಹಿಡಿದು ಮೆಟ್ಟಿಲು ಹತ್ತಿದರು, ಪೆಟ್ಟಿಗೆಯ ಬಳಿ ಇಟ್ಟು ಕೈಮುಗಿದು ಇನ್ನೊಂದು ಬದಿಯಿಂದ ಇಳಿದರು. ಇಳಿಯುವಲ್ಲಿ ಓರಾಪಿನ್ ಮತ್ತು ವಿನಿತ್ ನಿಂತಿದ್ದರು, ಪಕ್ಕದಲ್ಲಿ ಹಣ್ಣಿನ ರಾಶಿ, ಪ್ರತಿಯೊಂದಕ್ಕೂ ಕರಿ ರಿಬ್ಬನ್ ಕಟ್ಟಿತ್ತು. ಮೊದಲು ಬಂದವನು ನೀರಾವರಿ ಸಂಘದ ಮುದುಕ. ವಿನಿತ್ ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಮುದುಕ ತೊಟ್ಟು ಹಿಡಿದ. ಹಿಡಿದವನ ಹೆಬ್ಬೆರಳು, ಅವನನ್ನು ಕೇಳದೆಯೇ, ತೊಟ್ಟಿನ ಮೇಲೆ ಒಮ್ಮೆ ಮೇಲಿನಿಂದ ಕೆಳಕ್ಕೆ ಓಡಿತು. ಬಲಿತ ಹಣ್ಣಿನ ತೊಟ್ಟು ಮರಳು ಮೆತ್ತಿದ ಹಾಗೆ ಒರಟಾಗಿರುತ್ತದೆ, ಇದು ನುಣ್ಣಗಿತ್ತು. ಹೆಬ್ಬೆರಳು ನಿಂತಿತು. ಮುದುಕ ತಲೆಯೆತ್ತಿ ವಿನಿತ್‌ನ ಮುಖ ನೋಡಲಿಲ್ಲ, ಹಣ್ಣಿನ ಮೇಲಿನ ಗೆರೆ ಚುಕ್ಕೆಯನ್ನು ನೋಡಿದ. “ಒಳ್ಳೇ ಹಣ್ಣಪ್ಪ,” ಎಂದ. ರಿಬ್ಬನ್ ಸರಿಮಾಡಿಕೊಂಡು ಹೊರಟುಹೋದ.

ಎರಡನೆಯವರ ಹೆಬ್ಬೆರಳೂ ಹಾಗೆಯೇ ಓಡಿ ನಿಂತಿತು. ಮೂರನೆಯವಳು ಹಣ್ಣನ್ನು ಕೈಯಲ್ಲಿ ಒಮ್ಮೆ ತೂಗಿದಳು, ತೂಗಿದ್ದು ತನಗೇ ಗೊತ್ತಾಗಿ ತಟ್ಟನೆ ಎದೆಗೊತ್ತಿಕೊಂಡಳು. “ಸಾಹುಕಾರರ ಆಶೀರ್ವಾದ ಇದು.” ಈ ಊರಲ್ಲಿ ಹುಟ್ಟಿದವರು ಡುರಿಯನ್ ಕೈಗೆ ಬಂದರೆ ತೊಟ್ಟು ಸವರದೆ ಇರುವುದಿಲ್ಲ, ಅದು ವಿನಿತ್‌ಗೆ ಗೊತ್ತಿದ್ದದ್ದೇ, ಆದರೆ ಅವನ ತಲೆಗೆ ಹೊಳೆದಿರಲಿಲ್ಲ. ಕೆಲವು ದಿನ ಬೇಕು, ಮನೆಯ ಮೂಲೆಯಲ್ಲಿ ಕೂರಬೇಕು, ಆಮೇಲೆ ಗೊತ್ತಾಗಬೇಕು ಎಂದೆಲ್ಲ ಅವನು ಲೆಕ್ಕ ಹಾಕಿದ್ದ ಗುಟ್ಟು ಇಲ್ಲಿ ಕೈಯಿಂದ ಕೈಗೆ ದಾಟುವಷ್ಟರಲ್ಲೇ ಬಯಲಾಗುತ್ತಿತ್ತು. ಗೊತ್ತಾಗದೆ ಇದ್ದದ್ದು ಅವನೊಬ್ಬನಿಗೆ. ಅವನ ಕಿವಿ ಬಿಸಿಯಾಯಿತು. ಕೊಡುತ್ತ ಹೋದ. ನಿಲ್ಲಿಸಿದರೆ ಏಕೆ ನಿಲ್ಲಿಸಿದೆ ಎಂದು ಹೇಳಬೇಕು. ಒಬ್ಬೊಬ್ಬರೂ ಕೈಮುಗಿದು, ಒಳ್ಳೆಯ ಮಾತೊಂದನ್ನು ಆಡಿ, ಅವನ ಮುಖ ನೋಡದೆ ಹೋದರು, ಅವನು ಬಟ್ಟೆಯಿಲ್ಲದೆ ನಿಂತಿದ್ದಾನೋ ಎಂಬ ಹಾಗೆ. ಬೈದಿದ್ದರೆ ಆಗುತ್ತಿತ್ತು. ಯಾರಾದರೂ ಒಬ್ಬರು, ಇದೇನಯ್ಯಾ ಅಂದಿದ್ದರೆ ಆಗುತ್ತಿತ್ತು. ಪಕ್ಕದಲ್ಲಿ ಓರಾಪಿನ್, ನಗು ಹೊತ್ತ ಮುಖದಲ್ಲೇ, ತುಟಿ ಆಡಿಸದೆ ಅಂದಳು: “ಎಲ್ಲರಿಗೂ ಗೊತ್ತಾಗ್ತಿದೆ.” “ಗೊತ್ತು,” ಅಂದ ಅವನು.

ಪಾ ಸಮ್ಲಿ ಕೊನೆಯ ಹೊತ್ತಿಗೆ ಇಳಿದಳು, ಕಂಬಿ ಹಿಡಿದು, ಮಂಡಿಗೆ ಬೈದುಕೊಳ್ಳುತ್ತ. ವಿನಿತ್ ಹಣ್ಣು ಕೊಟ್ಟ. ಅವಳು ತೊಟ್ಟು ಸವರಲಿಲ್ಲ. ಹಣ್ಣನ್ನು ಒಂದು ಅಂಗೈಮೇಲೆ ಇಟ್ಟುಕೊಂಡು, ಬೀಸಣಿಗೆಯ ಹಿಡಿಯಿಂದ ಎಲ್ಲರಿಗೂ ಕೇಳುವ ಹಾಗೆ ಒಮ್ಮೆ ತಟ್ಟಿದಳು.

“ಕಿವಿ ಇಲ್ಲ ನಿನಗೆ,” ಎಂದಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. “ಚಿಕ್ಕಂದಿನಿಂದಲೂ ಇಲ್ಲ.”

“ಪಾ, ಈಗ ಬೇಡ,” ಅಂದಳು ಓರಾಪಿನ್.

“ಈಗಲ್ಲದೆ ಇನ್ಯಾವಾಗಮ್ಮ, ಅವನು ಬೂದಿ ಆದ್ಮೇಲಾ?” ಮುದುಕಿ ವಿನಿತ್‌ನ ಕಡೆ ತಿರುಗಿದಳು. “ನೀನು ತಟ್ಟಿ, ಕೊಯ್ಯೋ ಹಣ್ಣಿಗೆ ದಾರ ಕಟ್ಟಿ ಮನೆಗೆ ಹೋಗ್ತಿದ್ದೆ. ನಾನು ಬೇಲಿ ಪಕ್ಕ ನೀರು ಬಿಡ್ತಾ ನೋಡ್ತಿದ್ದೆ. ಆ ಎಳಸು ಹಣ್ಣು ವಾಪಸು ಬಂದ ಮೇಲಿಂದ ನಿಮ್ಮಪ್ಪ ಊಟ ಮುಗಿಸಿ ಮತ್ತೆ ಬರ್ತಿದ್ದ, ನೀನು ದಾರ ಕಟ್ಟಿದ ಹಣ್ಣನ್ನೆಲ್ಲ ಇನ್ನೊಂದ್ಸಲ ತಟ್ತಿದ್ದ. ನಿನ್ನ ದಾರ ಬಿಚ್ಚಿ ಬೇರೆ ಹಣ್ಣಿಗೆ ಕಟ್ತಿದ್ದ. ವರ್ಷಾನುಗಟ್ಟಲೆ. ಒಂದಿನ ನಾನೇ ಕೇಳ್ದೆ, ಮಗನಿಗೆ ಹೇಳಬಾರ್ದೇನಯ್ಯಾ ಅಂತ.”

ವಿನಿತ್‌ಗೆ ಕೇಳಲು ಇಷ್ಟವಿರಲಿಲ್ಲ, ಆದರೆ ಹೋಗಲೂ ಆಗಲಿಲ್ಲ.

“ಅಂದ, 'ಕೇಳಿಸ್ತಾ ಅಂದ್ರೆ ಕೇಳಿಸ್ತು ಅಂತಾನೆ ಸಮ್ಲಿ. ನನ್ನ ಮಗ ಸುಳ್ಳು ಹೇಳ್ತಾನೆ ಅಂತ ನಾನು ಹೇಗೆ ತಿಳ್ಕೊಳ್ಳಲಿ. ಒಂದಿನ ಅವನೇ ಇಲ್ಲ ಅಂತಾನೆ. ಆವತ್ತಿಂದ ಹೇಳ್ಕೊಡ್ತೀನಿ.' ಕಾಯ್ತಾನೇ ಇದ್ದ, ಪೆದ್ದ. ಕೊನೆ ಸಲ ನೋಡೋಕೆ ಹೋದಾಗ್ಲೂ ಕೇಳ್ದೆ, ಮಗ ಇಲ್ಲ ಅಂದ್ನಾ ಅಂತ. ಇನ್ನೂ ಅಂದಿಲ್ಲ ಅಂತ ತಲೆ ಅಲ್ಲಾಡಿಸ್ದ.” ಅವಳು ಹಣ್ಣನ್ನು ಅವನ ಕೈಗೇ ವಾಪಸು ಇಟ್ಟಳು. “ಇದು ನಿನ್ನ ಹತ್ರಾನೇ ಇರ್ಲಿ.”

ಆಮೇಲೆ ಅವನು ಮಾಡಿದ್ದನ್ನು ಧೈರ್ಯ ಎನ್ನುವ ಹಾಗಿಲ್ಲ. ನಿಂತ ನೆಲ ಬಿಸಿಯಾದಾಗ ಕಾಲೆತ್ತಿದ ಹಾಗೆ ಅದು. ಗಾಡಿಗಳ ಕಡೆ ಹೋಗುತ್ತಿದ್ದವರ ಬೆನ್ನಿಗೆ, ಕರಿ ಬಟ್ಟೆಗಳ ನಡುವೆ ಹಸಿರು ಮುಳ್ಳುಗಳ ಆ ಸಾಲಿಗೆ, ಅವನು ಗಟ್ಟಿಯಾಗಿ ಹೇಳಿದ. “ಎಳಸು. ಎಲ್ಲ ಎಳಸು. ತಿಯಾ ಕೊಯ್ದದ್ದಲ್ಲ, ನಾನು ಕೊಯ್ದದ್ದು. ಗುರುತು ಹಾಕಿದ್ದೂ ನಾನೇ. ಇಲ್ಲೇ ಇಟ್ಟು ಹೋಗಿ.” ಜನ ನಿಂತರು. ಈಗ ಇಡುತ್ತಾರೆ, ಮೆಟ್ಟಿಲ ಬುಡದಲ್ಲಿ ರಾಶಿ ಬೀಳುತ್ತದೆ, ತಿಯಾನ ಹೆಸರು ಆ ರಾಶಿಯ ಕೆಳಗಿನಿಂದ ಹೇಗಾದರೂ ಹೊರಬರುತ್ತದೆ ಎಂದು ಅವನು ಕಾದ. ಯಾರೂ ಇಡಲಿಲ್ಲ. ನೀರಾವರಿ ಸಂಘದ ಮುದುಕ ಗಾಡಿಯ ಬಾಗಿಲು ತೆರೆದು, ಹಣ್ಣನ್ನು ಸೀಟಿನ ಮೇಲೆ ಉರುಳದ ಹಾಗೆ ಕೂರಿಸಿ, ಇತ್ತ ತಿರುಗಿದ.

“ಗೊತ್ತಪ್ಪ. ಸಾರಿಗೆ ಆಗತ್ತೆ ಬಿಡು.”

“ತೆಳ್ಳಗೆ ಹೆಚ್ಚಿ ಎಣ್ಣೇಲಿ ಕರಿದ್ರೂ ಚೆನ್ನಾಗಿರತ್ತೆ,” ಎಂದು ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು, ಸಂತೆಯಿಂದ ಮರಳುವಾಗ ಆಡುವ ಮಾತಿನ ಹಾಗೆ. ಗಾಡಿಗಳು ಒಂದೊಂದಾಗಿ ಹೊರಟವು. ಎಳಸು ಹಣ್ಣು ತಂದುಕೊಟ್ಟರೆ ಎರಡು ಕೊಡುವ ಮನುಷ್ಯನ ಮನೆಯಿಂದ ಅವರು ಎಳಸನ್ನು ತಿಳಿದೂ ತಿಳಿದೂ ಒಯ್ಯುತ್ತಿದ್ದರು. ಈ ದಯೆಯನ್ನು ಎಲ್ಲಿಡಬೇಕೆಂದು ವಿನಿತ್‌ಗೆ ತಿಳಿಯಲಿಲ್ಲ. ತಿಯಾ ಸಂಪಾದಿಸಿದ್ದು ಇದನ್ನೇ ಇರಬೇಕು, ಪೆಟ್ಟಿಗೆಯ ಮೇಲಿನ ಮುಖವನ್ನಲ್ಲ; ಅದನ್ನು ತಾನು ಇವತ್ತು ಒಂದೇ ಮಧ್ಯಾಹ್ನದಲ್ಲಿ ಹಣ್ಣಿನ ಲೆಕ್ಕದಲ್ಲಿ ಖರ್ಚುಮಾಡಿದ್ದ. ಅವನು ಅಳಬೇಕೆಂದುಕೊಂಡ, ಬರಲಿಲ್ಲ. ನಾಚಿಕೆ ಮಾತ್ರ ಇತ್ತು. ಅದು ಮೊದಲಿನ ಹಾಗೆ ಬಚ್ಚಿಟ್ಟುಕೊಳ್ಳುವ ನಾಚಿಕೆ ಆಗಿರಲಿಲ್ಲ.

ಚಿಮಣಿಯಿಂದ ಹೊಗೆ ಏಳತೊಡಗಿತು. ಓರಾಪಿನ್ ಖಾಲಿ ಕುರ್ಚಿಗಳನ್ನು ಮಡಿಸುತ್ತಿದ್ದಳು. ಬಾ ಹಿಯಾ, ಏನಾದ್ರೂ ತಿನ್ನು ಎಂದು ಕರೆದಳು, ಅವನು ಬರುತ್ತೇನೆಂದು ಕೈಯಾಡಿಸಿದ. ಮೆಟ್ಟಿಲ ಮೇಲೆ ಕೂತ. ಪಾ ಸಮ್ಲಿ ವಾಪಸು ಕೊಟ್ಟ ಹಣ್ಣು ಮಡಿಲಲ್ಲಿತ್ತು, ಮುಳ್ಳು ತೊಡೆಗೆ ಚುಚ್ಚುತ್ತಿತ್ತು. ಬೆರಳಿನ ಗೆಣ್ಣಿನಿಂದ ಅದರ ಬೆನ್ನಿಗೆ ಮೆಲ್ಲಗೆ ತಟ್ಟಿ ಕಿವಿಯನ್ನು ಹತ್ತಿರ ತಂದ. ಇನ್ನೊಮ್ಮೆ ತಟ್ಟಿದ. ಏಣಿಯ ಮೇಲಿನಿಂದ ತಿಯಾ ಬಗ್ಗಿ ನೋಡುತ್ತಿದ್ದ, ಮುಖದಲ್ಲಿ ಅದೇ ಆಸೆ.

“ಇಲ್ಲ ತಿಯಾ,” ಅಂದ ವಿನಿತ್. “ಕೇಳಿಸ್ಲಿಲ್ಲ.”